ಹಿಂದಿನ ಓಣಿಯ ಹಸಿರು ಬಾಗಿಲು

ಸೆಪ್ಟೆಂಬರ್ ೧೪, ಸೋಮವಾರ
ಮಧ್ಯಾಹ್ನ ಮೂರೂವರೆ, ಔಷಧಿ ಕೋಣೆಯಿಂದ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೆ? ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮೊದಲು ನನಗೆ ನಾಲ್ಕು ಬೈದುಬಿಡು, ಆಮೇಲೆ ಮುಂದೆ ಓದು. ಮಾರ್ಚ್ ತಿಂಗಳಿಂದ ಇವತ್ತಿನವರೆಗೆ ನಿನಗೆ ಒಂದು ಸಾಲೂ ಬರೆದಿಲ್ಲ. ನಿನ್ನ ಎರಡೂ ಪತ್ರ ತಲುಪಿವೆ. ಎರಡನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ, ಅಷ್ಟನ್ನಾದರೂ ತಿಳಿಸು ಮಹಾತಾಯಿ" ಎಂದು ಬರೆದಿದ್ದೆಯಲ್ಲ, ಬದುಕಿದ್ದೇನೆ. ನೀನು ಫೋನ್ ಮಾಡಿದಾಗಲೂ ಎತ್ತಲಿಲ್ಲ. ಹಗಲೆಲ್ಲ ಮೈತುಂಬ ಆ ಪ್ಲಾಸ್ಟಿಕ್ ಕವಚ, ಕೈಗೆ ಎರಡೆರಡು ಗವುಸು ಎಂದು ನೆಪ ಹೇಳಬಹುದು. ಸಂಜೆ ಎಲ್ಲ ಬಿಚ್ಚಿಟ್ಟ ಮೇಲೆ ಎತ್ತಬಹುದಿತ್ತು. ಎತ್ತಲಿಲ್ಲ. ತಪ್ಪಾಯಿತು.

ಆದರೆ ಇವತ್ತು ಬರೆಯದೆ ಇರಲಾರೆ. ಬೆಳಿಗ್ಗೆ ಹನ್ನೊಂದಕ್ಕೆ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಅದರಲ್ಲಿದ್ದದ್ದನ್ನು ಕೇಳಿದವಳೇ ಔಷಧಿ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಗ್ಲೂಕೋಸ್ ಬಾಟಲಿಯ ಪೆಟ್ಟಿಗೆಗಳ ನಡುವೆ ಕುಣಿದೆ. ಐವತ್ತರ ಹತ್ತಿರ ಬಂದ ಹೆಂಗಸು, ಅದರಲ್ಲೂ ನನ್ನಂಥ ಉದ್ದನೆಯವಳು ಕುಣಿದರೆ ಹೇಗಿರುತ್ತದೆ ಎಂದು ನಿನಗೆ ಗೊತ್ತು. ಮೇಲಿನ ಫ್ಯಾನಿನ ರೆಕ್ಕೆ ಕೈಗೆ ತಾಗಿತು. ನಿಂತಿದ್ದ ಫ್ಯಾನು, ಹೆದರಬೇಡ. ಹಾಸ್ಟೆಲಿನಲ್ಲಿ ನನಗೆ ಏಣಿ ಎಂದು ಹೆಸರಿಟ್ಟವಳು ನೀನು, ಆ ಏಣಿ ಇವತ್ತು ಕುಣಿಯಿತು.

ವಿಷಯ ಏನೆಂದು ಹೇಳುವ ಮೊದಲು ಹಿಂದಿನದನ್ನೆಲ್ಲ ಹೇಳಬೇಕು. ಇಲ್ಲದಿದ್ದರೆ ಒಂದು ಸುತ್ತೋಲೆಗೆ ಇವಳು ಯಾಕೆ ಇಷ್ಟು ಹಾರಾಡುತ್ತಾಳೆ ಎಂದುಕೊಳ್ಳುತ್ತೀಯ.

ನಮ್ಮ ಆರೋಗ್ಯ ಕೇಂದ್ರವನ್ನು ನೀನು ನೋಡಿದ್ದೀಯಲ್ಲ. ಎಂಟು ಕೋಣೆ, ಮುಂದೆ ಉದ್ದನೆಯ ವರಾಂಡ, ಒಂದು ಗೇಟು. ಮಾರ್ಚ್ ಕೊನೆಗೆ ಆದೇಶ ಬಂತು, ಇನ್ನು ಮೇಲೆ ಇದು ಜ್ವರದ ಕೇಂದ್ರ ಎಂದು. ಎರಡೇ ದಿನದಲ್ಲಿ ಎಲ್ಲವೂ ತಲೆಕೆಳಗಾಯಿತು. ಸೂಜಿ ಚುಚ್ಚುವ ಕೋಣೆ ಮೂಗಿಗೆ ಕಡ್ಡಿ ಹಾಕುವ ಕೋಣೆಯಾಯಿತು. ಹೆರಿಗೆ ಕೋಣೆಯಲ್ಲಿ ಮಾದರಿ ಸಾಗಿಸುವ ಡಬ್ಬಗಳನ್ನು ಸೂರಿನವರೆಗೆ ಪೇರಿಸಿದರು. ವರಾಂಡದ ಬೆಂಚುಗಳನ್ನು ಸರಪಳಿ ಹಾಕಿ ಒಂದರ ಮೇಲೊಂದು ಕಟ್ಟಿದರು. ಗೇಟಿಗೆ ಹೊಸದಾಗಿ ಒಬ್ಬ ಕಾವಲುಗಾರ ಬಂದ. ದಪ್ಪ ಮೀಸೆ, ನೆಟ್ಟಗೆ ನಿಲ್ಲುವ ರೀತಿ ನೋಡಿ ನಾವೆಲ್ಲ ಅವನನ್ನು ಮೇಜರ್ ಎಂದು ಕರೆಯುತ್ತೇವೆ, ಸೈನ್ಯದ ಮುಖ ನೋಡಿದವನಲ್ಲ, ಮೊದಲು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದವನು. ಅವನ ಕೈಗೆ ಜ್ವರ ನೋಡುವ ಗನ್ನು ಕೊಟ್ಟೆವು. ಹಣೆಗೆ ಹಿಡಿಯುವುದು, ಜ್ವರ ಇದ್ದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಅಷ್ಟೇ ಕೆಲಸ. ಮೂರು ತಿಂಗಳು ಹೀಗೇ ನಡೆಯಿತು. ದಿನಕ್ಕೆ ನೂರು, ನೂರೈವತ್ತು ಜನ ಜ್ವರದವರು. ಉಳಿದ ರೋಗಗಳೆಲ್ಲ ರಜೆ ಹಾಕಿ ಹೋಗಿವೆಯೇನೋ ಎಂಬಂತೆ ನಾವು ಅವುಗಳನ್ನು ಮರೆತೇಬಿಟ್ಟೆವು. ಕೂರಲು ಪುರುಸೊತ್ತಿರಲಿಲ್ಲ, ಯೋಚಿಸಲು ಎಲ್ಲಿಂದ ಬರಬೇಕು?

ಜುಲೈ ಮೊದಲ ವಾರ ಒಬ್ಬ ಮುದುಕ ಬಂದ. ಬಸ್ ನಿಲ್ದಾಣದ ಪಕ್ಕ ಸೈಕಲ್ ರಿಪೇರಿ ಮಾಡುವವನು, ಊರೆಲ್ಲ ಪಂಕ್ಚರ್ ಅಜ್ಜ ಎನ್ನುತ್ತಾರೆ. ಗನ್ನು ನೂರ ಒಂದು ತೋರಿಸಿತು ಎಂದು ಮೇಜರ್ ಒಳಗೆ ಬಿಟ್ಟ. ನಾನು ಮೂಗಿಗೆ ಕಡ್ಡಿ ಹಾಕಿದೆ. ಕಣ್ಣಲ್ಲಿ ನೀರು ಬಂತು, ಪಾಪ. ಕಡ್ಡಿ ತೆಗೆದ ಮೇಲೆ ಮೂಗೊರಸಿಕೊಂಡು ಬಹಳ ವಿನಯದಿಂದ, "ಈಗ ನನ್ನ ಸಕ್ಕರೆ ಕಾಯಿಲೆ ಮಾತ್ರೆ ಕೊಡ್ತೀರಾ ಸಿಸ್ಟರ್?" ಎಂದ. ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಜ್ವರ ನೋಡಿದೆ. ತೊಂಬತ್ತೆಂಟು. ಆಗ ಬಾಯಿ ಬಿಟ್ಟ. ಎರಡು ಸಲ ಗೇಟಿನಿಂದ ವಾಪಸು ಹೋಗಿದ್ದನಂತೆ, ಜ್ವರ ಇಲ್ಲವೆಂದು. ಮೂರನೆಯ ಸಲ ತಲೆ ಓಡಿಸಿದ. ಬಸ್ ನಿಲ್ದಾಣದ ತಗಡಿನ ಗೋಡೆಗೆ ಒರಗಿ, ಮುಖವನ್ನು ಬಿಸಿಲಿಗೆ ಕೊಟ್ಟು ಮುಕ್ಕಾಲು ಗಂಟೆ ಕೂತು, ಹಣೆ ಕಾದ ಮೇಲೆ ಓಡಿ ಬಂದು ಗನ್ನಿಗೆ ಹಣೆ ಕೊಟ್ಟಿದ್ದ.

ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಆಮೇಲೆ ಅವನ ಕಾಲು ನೋಡಿದೆ.

ಬಲಗಾಲಿನ ಹೆಬ್ಬೆರಳ ಹತ್ತಿರ ಹುಣ್ಣು. ಅದಕ್ಕೆ ಬಟ್ಟೆ ಸುತ್ತಿ, ಬಟ್ಟೆಯ ಮೇಲೆ ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಕಟ್ಟಿದ್ದ. "ನಾನೇ ಪಂಕ್ಚರ್ ಹಾಕ್ಕೊಂಡೆ ಸಿಸ್ಟರ್," ಎಂದ. ಬಿಚ್ಚಿದೆ. ಅದನ್ನು ನಿನಗೆ ವರ್ಣಿಸಬೇಕಾಗಿಲ್ಲ, ಮೂರು ತಿಂಗಳು ಮಾತ್ರೆಯಿಲ್ಲದ ಸಕ್ಕರೆ ಕಾಯಿಲೆಯವರ ಕಾಲು ಹೇಗಿರುತ್ತದೆಂದು ನಿನಗೂ ಗೊತ್ತು. ಇನ್ನೊಂದು ಹದಿನೈದು ದಿನ ತಡವಾಗಿದ್ದರೆ ಆ ಬೆರಳು ಹೋಗುತ್ತಿತ್ತು, ಪಾದವೂ ಹೋಗುತ್ತಿತ್ತೋ ಏನೋ. ತೊಳೆದು, ಕಟ್ಟು ಹಾಕಿ, ಮಾತ್ರೆ ಕೊಟ್ಟು ಕಳಿಸಿದೆ. ಅವನು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಬೀರುವಿನ ತಳದಿಂದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದವರ ರಿಜಿಸ್ಟರ್ ತೆಗೆದೆ. ಮುನ್ನೂರ ಹದಿನೆಂಟು ಹೆಸರು. ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯಬೇಕಾದವರು. ಏಪ್ರಿಲ್, ಮೇ, ಜೂನ್, ಈ ಮೂರು ತಿಂಗಳಲ್ಲಿ ಬಂದವರು ನಲವತ್ತೊಂದು ಜನ. ಆ ನಲವತ್ತೊಂದೂ ಜ್ವರದ ನೆಪದಲ್ಲಿ ಒಳಗೆ ಬಂದವರೇ. ಬಸುರಿಯರ ರಿಜಿಸ್ಟರ್ ಅದಕ್ಕಿಂತ ಖಾಲಿ. ಅದನ್ನೂ ಇದನ್ನೂ ಎತ್ತಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟೆ.

ನಮ್ಮ ಡಾಕ್ಟರು ಚಿಕ್ಕ ವಯಸ್ಸಿನವರು, ಬಂದು ಒಂದೂವರೆ ವರ್ಷ. ಒಳ್ಳೆಯ ಮನುಷ್ಯ, ಆದರೆ ಕಾಗದ ಕಂಡರೆ ನಡುಗುತ್ತಾರೆ. ಮೇಲಿನಿಂದ ಏನೇ ಬಂದರೂ ಎರಡು ಸಲ ಸಹಿ ಮಾಡುವಷ್ಟು ಹೆದರಿಕೆ. ನಾನು ಹೇಳಿದೆ, ಹಿಂದಿನ ಓಣಿಗೆ ನಮ್ಮ ಸ್ಟೋರ್ ರೂಮಿನ ಬಾಗಿಲಿದೆ, ಮೊದಲು ಔಷಧಿ ಪೆಟ್ಟಿಗೆಗಳು ಅಲ್ಲೇ ಇಳಿಯುತ್ತಿದ್ದವು, ಈಗ ಮುರಿದ ಮಂಚ ತುಂಬಿ ಮುಚ್ಚಿಹೋಗಿದೆ. ಅದನ್ನು ತೆಗೆಯೋಣ, ಜ್ವರದವರು ಮುಂದಿನಿಂದ ಬರಲಿ, ಇಲ್ಲದವರು ಹಿಂದಿನಿಂದ, ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವ ಪ್ರಮೇಯವೇ ಇಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. ಆದೇಶದಲ್ಲಿ ಒಂದೇ ದ್ವಾರ ಅಂತ ಇದೆ ಸಿಸ್ಟರ್, ಎಂದರು. ನಾನು ಎರಡೂ ರಿಜಿಸ್ಟರನ್ನು ಅಲ್ಲೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ನಾನು ಕವಚ ಹಾಕಿಕೊಳ್ಳುವ ಮೊದಲೇ ಆ ಮಾರ್ಚಿನ ಆದೇಶ ಕೈಯಲ್ಲಿ ಹಿಡಿದು ಬಂದರು. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲವೇನೋ. ಒಂದು ಸಾಲಿನ ಕೆಳಗೆ ಬೆರಳಿಟ್ಟರು.

"ಸಿಸ್ಟರ್, ಜ್ವರದವರು ಮುಖ್ಯ ದ್ವಾರದಿಂದಲೇ ಬರಬೇಕು ಅಂತ ಇದೆ. ಜ್ವರ ಇಲ್ಲದವರು ಬರಬಾರದು ಅಂತ ಇದರಲ್ಲಿ ಎಲ್ಲೂ ಇಲ್ಲ. ಮೂರು ಸಲ ಓದಿದೆ. ನಾವೇ ಹಾಗೆ ಓದ್ಕೊಂಡಿದ್ವಿ."

ಗುಬ್ಬಿ, ಆ ಮಾತು ಕೇಳಿ ಅವರ ಕೈ ಹಿಡಿದು ಕುಲುಕಬೇಕು ಅನ್ನಿಸಿತು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ ಸ್ಟೋರ್ ರೂಮಿನ ಬೀಗದ ಕೈ ಹುಡುಕಲು ಹೋದೆ.

ಬಾಗಿಲು ಬಿಡಿಸುವ ಕೆಲಸಕ್ಕೆ ಯಾರನ್ನು ಕೇಳುವುದು ಎಂದು ಯೋಚಿಸುವಷ್ಟರಲ್ಲಿ ಮೇಜರ್ ತೋಳು ಮಡಚಿ ನಿಂತಿದ್ದ. ಅವನ ಪಾಳಿ ಮುಗಿದ ಮೇಲೆ ದಿನಾ ಸಂಜೆ ಎರಡು ಗಂಟೆ. ಯಾರೂ ಹೇಳಿರಲಿಲ್ಲ. ಮುರಿದ ಮಂಚ ಏಳು, ತುಕ್ಕು ಹಿಡಿದ ತೂಕದ ಯಂತ್ರ, ಕಾಲಿಲ್ಲದ ಕುರ್ಚಿಗಳು, ಯಾವ ಕಾಲದ್ದೋ ದಾಖಲೆಗಳ ಗಂಟುಗಳು. ನಾನೂ ಒಂದು ಕಡೆ ಹಿಡಿದೆ. ನಾಲ್ಕು ದಿನದಲ್ಲಿ ನೆಲ ಕಂಡಿತು. ಒಂದು ಮಂಚವನ್ನು ಅವನೇ ತಂತಿ ಬಿಗಿದು, ಹಲಗೆ ಹೊಡೆದು ಸರಿಮಾಡಿದ. ಬಾಗಿಲಿಗೆ ಬಣ್ಣ ಬೇಕೇ ಬೇಕು ಎಂದು ಹಟ ಹಿಡಿದ. ಎಲ್ಲಿಂದಲೋ ಅರ್ಧ ಡಬ್ಬ ಹಸಿರು ಬಣ್ಣ ತಂದು ಬಳಿದ. ಓಣಿಯ ನೆಲಕ್ಕೆ ಸುಣ್ಣದಲ್ಲಿ ಗುಂಡಗೆ ವೃತ್ತ ಬರೆದ, ಒಬ್ಬೊಬ್ಬರಿಗೆ ಒಂದೊಂದು. ಇಪ್ಪತ್ತೆರಡು ವೃತ್ತ.

ಹದಿನೈದನೇ ತಾರೀಕು ಬಾಗಿಲು ತೆರೆದೆವು. ಒಬ್ಬರೂ ಬರಲಿಲ್ಲ.

ಎರಡನೆಯ ದಿನ ಒಂದು ಬೆಕ್ಕು ಬಂದು ನಡುವಿನ ವೃತ್ತದಲ್ಲಿ ಮಲಗಿತು. ಅಂತರ ಕಾಯ್ದುಕೊಂಡಿದೆ ಸಿಸ್ಟರ್, ಎಂದ ಮೇಜರ್. ನನಗೆ ನಗು ಬರಲಿಲ್ಲ. ರಿಜಿಸ್ಟರ್ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂತೆ. ಅರ್ಧ ನಂಬರು ಚಾಲ್ತಿಯಲ್ಲಿಲ್ಲ. ಉಳಿದವರು ಆರೋಗ್ಯ ಕೇಂದ್ರ ಎಂದ ತಕ್ಷಣ ಕಟ್ ಮಾಡುತ್ತಿದ್ದರು. ಒಬ್ಬರು ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ ಎಂದು ಹೇಳುವಷ್ಟರಲ್ಲಿ ತಾವೇ ಕೆಮ್ಮಿದರು. ಒಳಗೆ ಹೋದರೆ ಹಿಡಿದು ಎಲ್ಲಿಗೋ ಸಾಗಿಸುತ್ತಾರೆ ಎಂಬ ಭಯ ಜನಕ್ಕೆ. ತಪ್ಪು ಅವರದ್ದಲ್ಲ. ಮೂರು ತಿಂಗಳು ಗೇಟಿನಿಂದ ಅಟ್ಟಿದವರು ನಾವು, ಈಗ ಬನ್ನಿ ಬನ್ನಿ ಎಂದರೆ ಯಾರು ನಂಬುತ್ತಾರೆ?

ನಮ್ಮನ್ನು ಕಾಪಾಡಿದವಳು ಕಸದ ಲಾರಿಯ ಅಕ್ಕ. ಬೆಳಿಗ್ಗೆ ನಮ್ಮ ಕೇಂದ್ರದ ಕಸ ಒಯ್ಯಲು ಬರುತ್ತಾಳೆ. ಲಾರಿ ಓಡಿಸುವುದೂ ಅವಳೇ, ಮೈಕಿನಲ್ಲಿ ಕೂಗುವುದೂ ಅವಳೇ. ಗಂಟಲು ಎಂದರೆ ಗಂಟಲು, ಮೈಕು ಕೆಟ್ಟರೂ ನಡೆಯುತ್ತದೆ. ನನ್ನ ಮುಖ ನೋಡಿ ಏನಾಯಿತು ಸಿಸ್ಟರ್ ಎಂದಳು. ಹೇಳಿದೆ. ಇಷ್ಟೇನಾ ಎಂದಳು. ಮರುದಿನ ಬೆಳಿಗ್ಗೆ ಏಳಕ್ಕೆ ಬೀದಿಯ ಆ ತುದಿಯಿಂದ ಕೇಳಿಸಿತು:

"ಹಸಿ ಕಸ ಬೇರೆ, ಒಣ ಕಸ ಬೇರೆ. ಜ್ವರ ಇರೋರು ಮುಂದಿನ ಬಾಗಿಲು, ಜ್ವರ ಇಲ್ಲದೋರು ಹಿಂದಿನ ಬಾಗಿಲು. ಮಾತ್ರೆ ಮುಗಿದೋರು ಮನೇಲಿ ಕೂರಬೇಡಿ, ಉದ್ದನೆ ಸಿಸ್ಟರ್ ಕಾಯ್ತಾ ಅವ್ರೆ."

ಊರಿನ ಎಲ್ಲ ಬೀದಿಗಳಲ್ಲೂ, ದಿನಾ, ಒಂದು ದಿನ ತಪ್ಪದೆ. ಜನರಿಗೆ ನಮ್ಮ ಮೇಲೆ ನಂಬಿಕೆ ಹೋಗಿತ್ತು, ಅವಳ ಮೇಲೆ ಹೋಗಿರಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳಲ್ಲಿ ಅವರ ಮನೆ ಮುಂದೆ ಬಂದು ನಿಂತವಳು ಅವಳೊಬ್ಬಳೇ ತಾನೆ? ಇತ್ತ ಪಂಕ್ಚರ್ ಅಜ್ಜನೂ ಸುಮ್ಮನಿರಲಿಲ್ಲ. ಅಂಗಡಿಯ ಮುಂದೆ ಒಂದು ಸ್ಟೂಲು ಹಾಕಿ, ಬಿಳಿ ಕಟ್ಟಿನ ಕಾಲನ್ನು ಅದರ ಮೇಲೆ ಎತ್ತಿಟ್ಟು ಪ್ರದರ್ಶನಕ್ಕಿಟ್ಟಿದ್ದ. ಗಾಳಿ ಹೊಡೆಸಲು ಬಂದವರಿಗೆಲ್ಲ ಮೊದಲು ಕಾಲಿನ ಕಥೆ, ಆಮೇಲೆ ಗಾಳಿ.

ಐದನೆಯ ದಿನ ನಾಲ್ವರು. ಎಂಟನೆಯ ದಿನ ಹತ್ತೊಂಬತ್ತು. ತಿಂಗಳು ತುಂಬುವ ಹೊತ್ತಿಗೆ ನಲವತ್ತಾರು ಜನ ಓಣಿಯಲ್ಲಿ ನಿಂತಿದ್ದರು, ಮೇಜರ್ ಸುಣ್ಣದ ಡಬ್ಬ ಹಿಡಿದು ಹೊಸ ವೃತ್ತ ಬರೆಯಲು ಓಡಾಡುತ್ತಿದ್ದ. ಒಬ್ಬೊಬ್ಬರು ಒಳಗೆ ಬರುವಾಗಲೂ ರಿಜಿಸ್ಟರಿನಲ್ಲಿ ಒಂದೊಂದು ಟಿಕ್ಕು ಹಾಕುತ್ತಿದ್ದೆನಲ್ಲ, ಆ ಖುಷಿ ನಿನಗೆ ಹೇಗೆ ಹೇಳಲಿ? ಪರೀಕ್ಷೆಯಲ್ಲಿ ನಿನ್ನ ಉತ್ತರ ನೋಡಿ ಬರೆದು ಪಾಸಾದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಮುನ್ನೂರ ಹದಿನೆಂಟರಲ್ಲಿ ಈವರೆಗೆ ಇನ್ನೂರ ಎಪ್ಪತ್ತೆರಡು ಜನ ಸಿಕ್ಕಿದ್ದಾರೆ. ಕೆಲವರು ಊರು ಬಿಟ್ಟಿದ್ದಾರೆ. ಒಂಬತ್ತು ಜನ ತೀರಿಕೊಂಡಿದ್ದರು. ಅವರಲ್ಲಿ ಯಾರಿಗೂ ಈ ಜ್ವರ ಬಂದಿರಲಿಲ್ಲ.

ಈಗ ಕೇಳು, ಇನ್ನೂ ದೊಡ್ಡ ಸುದ್ದಿ ಇದೆ. ಆಗಸ್ಟ್ ಹನ್ನೊಂದು, ಮಧ್ಯಾಹ್ನ ಹನ್ನೆರಡೂವರೆ. ಓಣಿಗೆ ತರಕಾರಿ ವ್ಯಾನೊಂದು ನುಗ್ಗಿತು. ಹಿಂದೆ ಖಾಲಿ ಕ್ರೇಟುಗಳ ನಡುವೆ ಹೊಲಿಗೆ ಅಂಗಡಿಯ ಹುಡುಗಿ. ದಿನ ತುಂಬಿದ ಬಸುರಿ, ನೋವು ಶುರುವಾಗಿ ಐದು ಗಂಟೆಯಾಗಿತ್ತು. ಬೆಳಿಗ್ಗೆಯೇ ಗಂಡ ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದ. ಮೂಗಿನ ಪರೀಕ್ಷೆಯ ಫಲಿತಾಂಶ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದರಂತೆ. ಫಲಿತಾಂಶ ಬರಲು ಎರಡು ದಿನ. ಮಗು ಎರಡು ದಿನ ಕಾಯುತ್ತದೆಯೇ? ವಾಪಸು ಬರುವ ದಾರಿಯಲ್ಲಿ ಲಾರಿ ಅಕ್ಕನ ಕೂಗು ಕೇಳಿಸಿ ವ್ಯಾನನ್ನು ಇತ್ತ ತಿರುಗಿಸಿದ್ದರು.

ಹೆರಿಗೆ ಕೋಣೆಯಲ್ಲಿ ಡಬ್ಬಗಳ ಗುಡ್ಡ. ಅದನ್ನು ಸರಿಸುವಷ್ಟು ಸಮಯವಿರಲಿಲ್ಲ, ತಲೆ ಕಾಣುತ್ತಿತ್ತು. ಸ್ಟೋರ್ ರೂಮಿನಲ್ಲೇ ಮೇಜರ್ ತಂತಿ ಬಿಗಿದ ಮಂಚದ ಮೇಲೆ ಮಲಗಿಸಿದೆ. ಡಾಕ್ಟರು ಓಡಿ ಬಂದರು, ಗವುಸು ಹಾಕಿಕೊಳ್ಳಲು ಹೋಗಿ ಎರಡು ಹರಿದರು. ಓದುವಾಗ ನೋಡಿದ್ದು ಬಿಟ್ಟರೆ ಹೆರಿಗೆ ಮಾಡಿಸಿ ಗೊತ್ತಿಲ್ಲ ಎಂದು ಕಿವಿಯಲ್ಲಿ ಹೇಳಿದರು. ನಾನು, ಡಾಕ್ಟ್ರೇ, ನೀವು ಗಡಿಯಾರ ನೋಡಿ ಸಮಯ ಹೇಳುತ್ತಿರಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಪಾಪ, ಶಾಲೆಯ ಗಂಟೆ ಹೊಡೆಯುವವರ ಹಾಗೆ ಶ್ರದ್ಧೆಯಿಂದ ನಿಮಿಷ ನಿಮಿಷಕ್ಕೂ ಸಮಯ ಹೇಳಿದರು. ಒಂದು ಗಂಟೆ ಎರಡು ನಿಮಿಷಕ್ಕೆ ಮಗು ಬಂತು. ಹೆಣ್ಣು. ಅಳಲಿಲ್ಲ.

ಗುಬ್ಬಿ, ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಕ್ಕಳನ್ನು ಈ ಕೈಯಲ್ಲಿ ಹಿಡಿದಿದ್ದೇನೋ ಲೆಕ್ಕವಿಲ್ಲ. ಆದರೂ ಅಳದ ಮಗುವನ್ನು ಹಿಡಿದಾಗ ಪ್ರತಿ ಸಲವೂ ಇದೇ ಮೊದಲನೆಯದು ಅನ್ನಿಸುತ್ತದೆ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ತಟ್ಟಿದೆ. ಹೊರಗೆ ಓಣಿಯಲ್ಲಿ ಮೂವತ್ತು ಜನ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾರೆ. ಡಾಕ್ಟರು ಸಮಯ ಹೇಳುವುದನ್ನು ನಿಲ್ಲಿಸಿಬಿಟ್ಟರು. ಆಮೇಲೆ ಒಂದು ಸಣ್ಣ ಬಿಕ್ಕು, ಅದರ ಹಿಂದೆಯೇ ಅಳು. ಅದೂ ಎಂಥ ಅಳು, ಲಾರಿ ಅಕ್ಕನ ಶಿಷ್ಯೆಯಾಗಲು ಹುಟ್ಟಿದ ಹಾಗಿತ್ತು. ಓಣಿಯಲ್ಲಿ ಚಪ್ಪಾಳೆ ಶುರುವಾಯಿತು. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಮಂಡಿನೋವಿನವರು, ಎಲ್ಲ ತಮ್ಮ ತಮ್ಮ ವೃತ್ತದೊಳಗೇ ನಿಂತು ತಟ್ಟುತ್ತಿದ್ದರು. ಕಟ್ಟು ಬದಲಿಸಲು ಬಂದಿದ್ದ ಪಂಕ್ಚರ್ ಅಜ್ಜ ಎಲ್ಲರಿಗೂ ಕೇಳುವ ಹಾಗೆ, "ಮಗೂಗೆ ಜ್ವರ ಇಲ್ವಲ್ಲ, ಸರಿಯಾದ ಬಾಗಿಲಿಂದಲೇ ಬಂದಿದೆ ಬಿಡಿ," ಎಂದ. ಡಾಕ್ಟರು ಗೋಡೆಗೆ ಒರಗಿ ನಗುತ್ತ ಅಳುತ್ತಿದ್ದರೋ, ಅಳುತ್ತ ನಗುತ್ತಿದ್ದರೋ, ಕನ್ನಡಕವೆಲ್ಲ ಮಂಜಾಗಿತ್ತು.

ಇಷ್ಟೆಲ್ಲ ಸದ್ದಾದ ಮೇಲೆ ಸುದ್ದಿ ಮೇಲೆ ಹೋಗದೆ ಇರುತ್ತದೆಯೇ? ಯಾರೋ ದೂರು ಬರೆದರು, ಅನುಮತಿಯಿಲ್ಲದೆ ಎರಡನೆಯ ದ್ವಾರ ತೆರೆದಿದ್ದಾರೆಂದು. ಆಗಸ್ಟ್ ಕೊನೆಯ ವಾರ ಮೇಲಧಿಕಾರಿಗಳು ತಪಾಸಣೆಗೆ ಬಂದರು. ಮುನ್ಸೂಚನೆ ಇಲ್ಲ. ಕಾರು ಮುಂದಿನ ಗೇಟಿಗೆ ಬಂತು. ಮೇಜರಿಗೆ ಅವರು ಯಾರೆಂದು ಗೊತ್ತಿಲ್ಲ, ಗೊತ್ತಿದ್ದರೂ ಅದನ್ನೇ ಮಾಡುತ್ತಿದ್ದ ಎನ್ನುತ್ತಾನೆ. ಹಣೆಗೆ ಗನ್ನು ಹಿಡಿದ, ಸಲ್ಯೂಟ್ ಹೊಡೆದ, ನಿಮಗೆ ಜ್ವರ ಇಲ್ಲ ಸಾರ್, ನೀವು ಹಿಂದಿನ ಬಾಗಿಲಿಂದ ಬರಬೇಕು ಎಂದ. ಅವರು ತಾವು ಯಾರೆಂದು ಹೇಳಿದರು. ಇವನು, ಯಾರಾದರೂ ಸರಿ ಸಾರ್, ಒಳಗೆಲ್ಲ ಜ್ವರದವರು, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದ. ಆ ದೊಡ್ಡ ಮನುಷ್ಯರು ಕಾಂಪೌಂಡ್ ಸುತ್ತು ಹಾಕಿ, ಚರಂಡಿ ದಾಟಿ, ಓಣಿಗೆ ಬಂದರು. ಅಲ್ಲಿ ಸಾಲು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಇವರ ಬೂಟು ಬಟ್ಟೆ ನೋಡಿ ಸರಿದು ಜಾಗ ಬಿಡಲಿಲ್ಲ, ಹಿಂದಿನ ವೃತ್ತ ತೋರಿಸಿದಳಂತೆ. ಅವರು ನಿಂತರು. ಮುಂದೆ ಆರು ಜನ.

ನಾನು ಒಳಗೆ ಒಬ್ಬರ ರಕ್ತದೊತ್ತಡ ನೋಡುತ್ತಿದ್ದೆ. ಮುಂದಿನವರು ಎಂದು ಕರೆದಾಗ ಅವರು ಬಂದು ನಿಂತರು. ಗುರುತು ಹಿಡಿದ ಡಾಕ್ಟರ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರ ಆದೇಶದ ಮೇಲೆ ಇದನ್ನೆಲ್ಲ ನಡೆಸುತ್ತಿದ್ದೀರಿ ಎಂದು ಅಧಿಕಾರಿ ಕೇಳಿದರು. ಇನ್ನೇನು ನಮ್ಮ ಡಾಕ್ಟರು ತಪ್ಪಾಯಿತು ಎನ್ನುತ್ತಾರೆ, ಬಾಗಿಲು ಮುಚ್ಚುತ್ತದೆ ಎಂದುಕೊಂಡೆ. ಅವರು ಎದ್ದು ನಿಂತರು. ಜೇಬಿನಿಂದ ನಾಲ್ಕಾಗಿ ಮಡಿಸಿದ ಆದೇಶ ತೆಗೆದರು, ಅಷ್ಟು ದಿನವೂ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

"ನಿಮ್ಮದೇ ಆದೇಶ ಸಾರ್," ಎಂದರು. ಆ ಸಾಲು ಓದಿದರು.

ಅಧಿಕಾರಿ ಕಾಗದ ತೆಗೆದುಕೊಂಡು ತಾವೇ ಓದಿದರು. ಆಮೇಲೆ ರಿಜಿಸ್ಟರ್ ಕೇಳಿದರು. ಅಲ್ಲೇ ಮಂಚದ ಅಂಚಿಗೆ ಕೂತು ಪುಟ ಪುಟ ತಿರುಗಿಸಿದರು. ಏಪ್ರಿಲ್‌ನಿಂದ ಜೂನ್‌ವರೆಗಿನ ಬಹುಪಾಲು ಖಾಲಿ ಪುಟಗಳಲ್ಲಿ ಬಹಳ ಹೊತ್ತು ನಿಂತರು. ಫೋನಿನಲ್ಲಿ ಫೋಟೊ ತೆಗೆದುಕೊಂಡರು. ಮತ್ತೆ ಚರಂಡಿ ದಾಟಿ ಹೊರಟುಹೋದರು.

ಆ ಹದಿನೈದು ದಿನ ನಾವು ಪಟ್ಟ ಪಾಡು ಬೇಡ. ಡಾಕ್ಟರು ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದರು, ಎತ್ತಂಗಡಿ ಖಂಡಿತ ಎಂದು. ಮೇಜರ್ ಮತ್ತೆ ಟಾಕೀಸಿಗೆ ಹೋಗಬೇಕಾದೀತು, ಅದೂ ಮುಚ್ಚಿದೆ ಎಂದು ಗೊಣಗಿದ. ಆದರೆ ಬಾಗಿಲನ್ನು ಮಾತ್ರ ದಿನಾ ಎಂಟಕ್ಕೆ ತೆರೆದೆವು.

ಇವತ್ತು ಸುತ್ತೋಲೆ ಬಂತು. ಡಾಕ್ಟರು ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದಿದರು. ಈ ಭಾಗದ ಮೂವತ್ತನಾಲ್ಕು ಆರೋಗ್ಯ ಕೇಂದ್ರಗಳೂ ಏಳು ದಿನದೊಳಗೆ ಜ್ವರವಿಲ್ಲದ ರೋಗಿಗಳಿಗೆ ಪ್ರತ್ಯೇಕ ದ್ವಾರ ತೆರೆಯಬೇಕು. ದೀರ್ಘಕಾಲದ ಕಾಯಿಲೆಯವರನ್ನು, ಬಸುರಿಯರನ್ನು, ಲಸಿಕೆಯ ಮಕ್ಕಳನ್ನು ಯಾವ ಕಾರಣಕ್ಕೂ ಹಿಂದಕ್ಕೆ ಕಳಿಸಬಾರದು. ಬಾರದವರನ್ನು ರಿಜಿಸ್ಟರ್ ನೋಡಿ ಹುಡುಕಿ ಕರೆಯಬೇಕು. ಕಸದ ವಾಹನಗಳ ಧ್ವನಿವರ್ಧಕವನ್ನು ಪ್ರಚಾರಕ್ಕೆ ಬಳಸಬಹುದು ಎಂದು ಕೊನೆಗೆ ಒಂದು ಸಾಲು. ಅದನ್ನು ಲಾರಿ ಅಕ್ಕನಿಗೆ ಓದಿ ಹೇಳಿದಾಗ, ಬಳಸಬಹುದಂತೆ, ನಾನು ಎರಡು ತಿಂಗಳಿಂದ ಗಂಟಲು ಹರ್ಕೊಂತಿರೋದು ಏನಂತೆ ಎಂದು ಸೊಂಟದ ಮೇಲೆ ಕೈಯಿಟ್ಟಳು. ಮೂವತ್ತನಾಲ್ಕು ಬಾಗಿಲು, ಗುಬ್ಬಿ. ಯೋಚಿಸು. ಒಂದೊಂದರ ಮುಂದೆಯೂ ಒಂದೊಂದು ಸಾಲು. ನಾನು ಕುಣಿಯದೆ ಇನ್ನೇನು ಮಾಡಲಿ?

ನಿಮ್ಮ ಕೇಂದ್ರದಲ್ಲಿ ಹೇಗಿದೆ? ಅಲ್ಲೂ ಮಂಚ ತುಂಬಿದ ಕೋಣೆ ಒಂದು ಇದ್ದೇ ಇರುತ್ತದೆ, ಎದ್ದು ಹೋಗಿ ನೋಡು. ಆದೇಶ ಬರಲಿ ಎಂದು ಕಾಯಬೇಡ. ಮೊದಲು ಬಂದಿರುವ ಆದೇಶವನ್ನೇ ಇನ್ನೊಂದು ಸಲ ಓದು.

ಸಾಲು ಮತ್ತೆ ಉದ್ದವಾಗಿದೆ, ಮೇಜರ್ ಎರಡು ಸಲ ಬಾಗಿಲು ತಟ್ಟಿದ. ಹೋಗಬೇಕು. ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ದೊಡ್ಡವಳಿಗೆ, ಚಿಕ್ಕವನಿಗೆ ಈ ಉದ್ದನೆಯ ದೊಡ್ಡಮ್ಮನ ಮನಸಾರೆ ಆಶೀರ್ವಾದ. ಚೆನ್ನಾಗಿ ಓದಲಿ, ಕೈ ತೊಳೆಯಲಿ, ನೂರು ವರ್ಷ ಬಾಳಲಿ. ನಿನ್ನ ಆರೋಗ್ಯ ಜೋಪಾನ. ನೀನು ಚೆನ್ನಾಗಿದ್ದೀಯ ಎಂದು ಗೊತ್ತಿದ್ದರೆ ನನಗೆ ಅರ್ಧ ಬಲ.

ಎಂದೆಂದಿಗೂ ನಿನ್ನ,
ಏಣಿ

ಮರೆತ ಮಾತು: ಮರೆತದ್ದಲ್ಲ. ಅಮ್ಮ ಹೇಗಿದ್ದಾರೆ ಎಂದು ಎರಡೂ ಪತ್ರಗಳಲ್ಲಿ ಕೇಳಿದ್ದೀಯ. ಅಮ್ಮ ಇಲ್ಲ, ಗುಬ್ಬಿ. ಏಪ್ರಿಲ್ ಹನ್ನೆರಡಕ್ಕೆ ಹೋದಳು. ಭಾನುವಾರ ಭಾನುವಾರ ನಮ್ಮಿಬ್ಬರನ್ನೂ ಕೂರಿಸಿ ತಲೆ ಬಾಚುತ್ತಿದ್ದವಳು ಇಲ್ಲ ಎಂದು ನಿನಗೆ ಬರೆಯಲು ಕೈ ಬರಲಿಲ್ಲ, ಅದಕ್ಕೇ ಐದು ತಿಂಗಳು ಸುಮ್ಮನಿದ್ದೆ.

ಮಾರ್ಚಿನಿಂದ ನಾನು ಕೇಂದ್ರದ ಹಿಂದಿನ ಕ್ವಾರ್ಟರ್ಸಿನಲ್ಲೇ ಇದ್ದೆ, ಅವಳಿಗೆ ಈ ಜ್ವರ ಅಂಟಿಸಬಾರದೆಂದು. ನಾಲ್ಕು ಬೀದಿಯಾಚೆ ಅವಳು ಒಬ್ಬಳೇ. ದಿನಾ ಸಂಜೆ ಫೋನಿನಲ್ಲಿ ಎಲ್ಲ ಸರಿಯಿದೆ ಎನ್ನುತ್ತಿದ್ದಳು. ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂದಿದ್ದನ್ನು ಹೇಳಲಿಲ್ಲ, ನಾನು ಕೇಳಲಿಲ್ಲ. ಪಾರ್ಶ್ವವಾಯು ಹೊಡೆಯಿತು, ಪಕ್ಕದ ಮನೆಯವರು ಹೇಳಿ ಕಳಿಸುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಅವಳ ಕೈಚೀಲದಲ್ಲಿ ಮಾತ್ರೆಯ ಕಾರ್ಡು ಸಿಕ್ಕಿತು. ಮುಂದಿನ ಭೇಟಿ, ಏಪ್ರಿಲ್ ಒಂಬತ್ತು. ನನ್ನದೇ ಕೈಬರಹ.

ಅವಳು ಒಂಬತ್ತಕ್ಕೇ ಬಂದಿದ್ದಳು. ಸ್ಟೋರ್ ರೂಮಿನ ಮಂಚ ಎಳೆಯುವಾಗ ಮೇಜರ್ ಹೇಳಿದ. ಅಲ್ಲಿಯವರೆಗೆ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಬಂದಾಗ ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಮೂರು ದಿನದ ಮೇಲೆ ನಮ್ಮ ಮನೆಗೆ ಬಂದು ಅವಳ ಮುಖ ನೋಡಿದಾಗ ಗೊತ್ತಾಯಿತಂತೆ. ಗೇಟಿನಲ್ಲಿ ಅವಳು ನಾನು ಇಂಥವಳ ತಾಯಿ ಎನ್ನಲಿಲ್ಲ. ಮಾತ್ರೆಗೆ ಬಂದಿದ್ದೇನೆ ಎಂದಳು, ಅಷ್ಟೇ. ಅವನು ಒಳಗೆ ಕೂಗಿ ಕೇಳಿದ, ಸಿಸ್ಟರ್, ವಯಸ್ಸಾದೋರು, ಜ್ವರ ಇಲ್ಲ, ಬಿಡಲಾ ಎಂದು. ನಾನು ತಲೆ ಎತ್ತದೆ, ಜ್ವರ ಇಲ್ಲದೋರನ್ನ ಯಾಕೆ ಕೇಳ್ತೀಯ, ವಾಪಸು ಕಳಿಸು ಎಂದು ಕಿರುಚಿದೆನಂತೆ. ನನಗೆ ನೆನಪೇ ಇಲ್ಲ. ಆ ದಿನ ಎಷ್ಟು ಜನಕ್ಕೆ ಹಾಗೆ ಕಿರುಚಿದ್ದೆನೋ.

ಅವಳಿಗೆ ನನ್ನ ಧ್ವನಿ ಕೇಳಿಸಿತು. ಹೋಗುವ ಮೊದಲು ಅವನಿಗೆ ಹೇಳಿದಳಂತೆ: "ಆ ಸಿಸ್ಟರಿಗೆ ಗಂಟಲು ಕಟ್ಟಿದೆಯಪ್ಪ. ಒಂದಿಷ್ಟು ಬಿಸಿನೀರು ಕೊಡು."

ಅವನು ತಂದುಕೊಟ್ಟಿದ್ದ, ಗುಬ್ಬಿ. ಅದು ನನಗೆ ನೆನಪಿದೆ. ಲೋಟ ತೆಗೆದುಕೊಂಡು ನಿಂತಲ್ಲೇ ಕುಡಿದೆ. ಯಾರು ಹೇಳಿದ್ದು ಎಂದು ಕೇಳಲಿಲ್ಲ.